ಸೆಲ್ಮಾದ ಸೇತುವೆ ಮತ್ತು ಇಂದಿನ ಮತಪೆಟ್ಟಿಗೆ



ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಸೆಲ್ಮಾ ಎಂಬ ಸಣ್ಣ ಊರಿದೆ. 1965ರ ಮಾರ್ಚ್ 7ರ ಭಾನುವಾರ ಸುಮಾರು 600 ಮಂದಿ ಆ ಊರಿನ ನದಿಯ ಸೇತುವೆ ದಾಟಿ ರಾಜಧಾನಿ ಮಾಂಟ್ಗೊಮರಿಗೆ ನಡೆದುಹೋಗಲು ಹೊರಟರು. ಸೇತುವೆಯಾಚೆ ಪೊಲೀಸರು ಕಾದಿದ್ದರು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಕುದುರೆಗಳನ್ನು ನುಗ್ಗಿಸಿದರು. ಮುಂದಿನ ಸಾಲಿನಲ್ಲಿದ್ದ 25 ವರ್ಷದ ಜಾನ್ ಲೂಯಿಸ್ ತಲೆಬುರುಡೆ ಬಿರಿದು ಕುಸಿದರು.

ಅವರು ಕೇಳಿದ್ದು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು, ಅಷ್ಟೇ. ವರ್ಣದ ಕಾರಣಕ್ಕೆ ಮತ ನಿರಾಕರಿಸಬಾರದೆಂದು 1870ರಲ್ಲೇ ಸಂವಿಧಾನ ತಿದ್ದುಪಡಿಯಾಗಿತ್ತು. ಆದರೆ ಹೆಸರು ಬರೆಸಲು ಹೋದ ಕಪ್ಪು ಮನುಷ್ಯನಿಗೆ ಅಧಿಕಾರಿ ಸಂವಿಧಾನದ ಯಾವುದೋ ಕಲಮು ತೋರಿಸಿ ಅರ್ಥ ಹೇಳೆನ್ನುತ್ತಿದ್ದ. ಉತ್ತರ ಸರಿಯೋ ತಪ್ಪೋ ಎಂಬುದು ಅವನ ಮರ್ಜಿ. ಹೀಗಾಗಿ ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ ಪಟ್ಟಿಗೆ ಸೇರಿದ ಕಪ್ಪು ಜನ ನೂರಕ್ಕೆ ಇಬ್ಬರಷ್ಟೇ. ಹಕ್ಕು ಕಾಗದದಲ್ಲಿತ್ತು, ಕಚೇರಿಯ ಬಾಗಿಲಲ್ಲಿ ಇರಲಿಲ್ಲ.

ಸೇತುವೆಯ ದೃಶ್ಯಗಳನ್ನು ಟಿ.ವಿ.ಯಲ್ಲಿ ಕಂಡು ದೇಶ ಬೆಚ್ಚಿತು. ಗಾಂಧಿಯ ನಾಡನ್ನು ನೋಡಲು 1959ರಲ್ಲಿ ಭಾರತಕ್ಕೆ ಬಂದು ಹೋಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅದೇ ತಿಂಗಳು ಆ ನಡಿಗೆಯನ್ನು ಪೂರ್ತಿಗೊಳಿಸಿದರು. ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕು ಕಾಯಿದೆಗೆ ಸಹಿ ಹಾಕಿದರು. ಅದರ ಐದನೇ ಕಲಮು ಬಲು ಜಾಣತನದ್ದು. ಹಿಂದೆ ತಾರತಮ್ಯ ಮಾಡಿದ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು. ಅನ್ಯಾಯವಾದ ಮೇಲೆ ಕೋರ್ಟಿಗೆ ಅಲೆಯುವ ಬದಲು, ಆಗದಂತೆ ಮೊದಲೇ ತಡೆಯುವ ಏರ್ಪಾಡು ಇದು. ಮಿಸಿಸಿಪ್ಪಿಯಲ್ಲಿ ನೂರಕ್ಕೆ ಏಳೂ ಇರದಿದ್ದ ಕಪ್ಪು ಮತದಾರರು ಕೆಲವೇ ವರ್ಷಗಳಲ್ಲಿ ಅರ್ಧಕ್ಕೂ ಮೀರಿದರು. ಪೆಟ್ಟು ತಿಂದ ಜಾನ್ ಲೂಯಿಸ್ 1986ರಲ್ಲಿ ಸಂಸತ್ತಿಗೆ ಆಯ್ಕೆಯಾದರು.

ಇನ್ನೊಂದು ಬದಲಾವಣೆ ಪಕ್ಷಗಳೊಳಗೆ ನಡೆಯಿತು. ಗುಲಾಮಗಿರಿ ಕೊನೆಗಾಣಿಸಿದ ಲಿಂಕನ್‌ರದು ರಿಪಬ್ಲಿಕನ್ ಪಕ್ಷ. ದಕ್ಷಿಣದ ಬಿಳಿಯರ ಕೋಟೆ ಡೆಮಾಕ್ರಟಿಕ್ ಪಕ್ಷದ್ದು. ನಾಗರಿಕ ಹಕ್ಕುಗಳ ಮಸೂದೆಯನ್ನು ವಿರೋಧಿಸಿದ್ದ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ 1964ರಲ್ಲಿ ದೇಶದಲ್ಲಿ ಹೀನಾಯವಾಗಿ ಸೋತರೂ ದಕ್ಷಿಣದ ಐದು ರಾಜ್ಯಗಳನ್ನು ಗೆದ್ದರು. ಬಿಳಿಯರ ಮತ ಹಂತಹಂತವಾಗಿ ಅತ್ತ ಸರಿಯಿತು, ಕಪ್ಪು ಜನರ ಮತ ಇತ್ತ ಗಟ್ಟಿಯಾಯಿತು. ಇಂದಿನ ಅಮೆರಿಕದ ಚುನಾವಣಾ ನಕ್ಷೆಯ ಬೇರು ಬಹುಪಾಲು ಅಲ್ಲಿದೆ. ವರ್ಣ ಮತ್ತು ಪಕ್ಷ ಹೀಗೆ ಹೆಣೆದುಕೊಂಡ ಮೇಲೆ, ಮತದಾನದ ನಿಯಮ ಬದಲಿಸಿದವರು 'ಇದು ವರ್ಣದ್ವೇಷವಲ್ಲ, ಬರೀ ರಾಜಕೀಯ' ಎಂದು ವಾದಿಸುವುದು ಸುಲಭವಾಯಿತು.

2013ರಲ್ಲಿ ಅದೇ ಅಲಬಾಮಾದ ಶೆಲ್ಬಿ ಕೌಂಟಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ, ಯಾವ ಪ್ರದೇಶಗಳಿಗೆ ಈ ಕಾವಲು ಬೇಕೆಂದು ಗುರುತಿಸುವ ಸೂತ್ರ ಹಳತಾಯಿತೆಂದು ಅದನ್ನು ರದ್ದು ಮಾಡಿತು. ಸೂತ್ರ ಹೋದ ಮೇಲೆ ಐದನೇ ಕಲಮು ನಿರುಪಯೋಗಿಯಾಯಿತು. ಮಳೆಯಲ್ಲಿ ನೆನೆಯುತ್ತಿಲ್ಲವೆಂದು ಕೊಡೆಯನ್ನೇ ಎಸೆದಂತೆ ಎಂದು ಭಿನ್ನಮತದ ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ಎಚ್ಚರಿಸಿದರು. ಅದೇ ವರ್ಷ ಉತ್ತರ ಕೆರೊಲಿನಾ ತಂದ ಬಿಗಿ ಕಾನೂನನ್ನು ಮೇಲ್ಮನವಿ ನ್ಯಾಯಾಲಯ ಕಪ್ಪು ಮತದಾರರನ್ನು ಗುರಿಯಾಗಿಸಿದ್ದೆಂದು 2016ರಲ್ಲಿ ತಳ್ಳಿಹಾಕಿತು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಮೊದಲೇ ತಡೆಯುವುದಕ್ಕೂ ಆಮೇಲೆ ಸರಿಪಡಿಸುವುದಕ್ಕೂ ಇರುವ ಅಂತರ ಇದೇ.

ಲೂಯಿಸ್ 2020ರಲ್ಲಿ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ಕುದುರೆಗಾಡಿಯಲ್ಲಿ ಆ ಸೇತುವೆ ದಾಟಿಸಲಾಯಿತು. ಈ ಸಲ ಪೊಲೀಸರು ಸೆಲ್ಯೂಟ್ ಹೊಡೆದರು. ಸೇತುವೆಗೆ ಮಾತ್ರ, ಗುಲಾಮಗಿರಿಯ ಪರ ಕಾದಾಡಿದ ಸೇನಾನಿ ಎಡ್ಮಂಡ್ ಪೆಟಸ್‌ನ ಹೆಸರೇ ಉಳಿದಿತ್ತು.