ಹುಚ್ಚು ಆಕಳು, ಹುಚ್ಚು ನಾಯಿ: ದನಕರುಗಳ ಮಿದುಳಿನ ರೋಗಗಳೂ ನಮ್ಮ ಕುಟುಂಬವೂ

(ಅಮರಗೋಳದ ರೈತ ದಂಪತಿಗಳನ್ನುದ್ದೇಶಿಸಿದ ಭಾಷಣದ ಪಾಠ)



ಬನಶಂಕರಿಯ ಗುಡಿಗೂ ಕೃಷಿ ಉತ್ಪನ್ನ ಮಾರುಕಟ್ಟೆಗೂ ಹೆಸರಾದ ಈ ಅಮರಗೋಳದಲ್ಲಿ ಒಕ್ಕಲುತನದ ಮನೆಯೆಂದರೆ ಅದರಲ್ಲಿ ದನದ ಕೊಟ್ಟಿಗೆಯೂ ಸೇರಿದೆ. ಎಮ್ಮೆಯ ಹಾಲನ್ನು ಮಕ್ಕಳು ಕುಡಿಯುತ್ತಾರೆ; ಎತ್ತಿನ ಹೆಗಲ ಮೇಲೆ ಸಂಸಾರದ ಭಾರವಿದೆ. ಆದುದರಿಂದ ಕುಟುಂಬ ಕಲ್ಯಾಣವೆಂಬುದು ಮಕ್ಕಳ ಸಂಖ್ಯೆಯ ಮಾತಷ್ಟೇ ಅಲ್ಲ. ಕೊಟ್ಟಿಗೆಯ ಆರೋಗ್ಯದ ಮಾತೂ ಹೌದು. ಇಂದು ದನಕರುಗಳ ಮಿದುಳನ್ನು ಕೆಡಿಸುವ ರೋಗಗಳ ವಿಷಯವಾಗಿ ಕೆಲವು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

‘ಹುಚ್ಚು ಆಕಳಿನ ರೋಗ’ ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಇದು 1986ರಲ್ಲಿ ಬ್ರಿಟನ್ ದೇಶದಲ್ಲಿ ಗುರುತಿಸಲ್ಪಟ್ಟಿತು. ಅಲ್ಲಿ ಸತ್ತ ಪಶುಗಳ ಮಾಂಸ ಮತ್ತು ಎಲುಬುಗಳನ್ನು ಪುಡಿ ಮಾಡಿ, ಹುಲ್ಲು ತಿನ್ನುವ ದನಗಳಿಗೇ ಮೇವಿನಲ್ಲಿ ಬೆರೆಸಿ ತಿನ್ನಿಸುತ್ತಿದ್ದರು. ಆ ಪುಡಿಯ ಮೂಲಕ ರೋಗವು ಒಂದು ದನದಿಂದ ಅಸಂಖ್ಯ ದನಗಳಿಗೆ ಹರಡಿತು. ಆ ದೇಶವೊಂದರಲ್ಲಿಯೇ 1,80,000ಕ್ಕೂ ಹೆಚ್ಚು ದನಗಳು ಈ ರೋಗಕ್ಕೆ ತುತ್ತಾದವು. 1988ರಲ್ಲಿ ಅಂತಹ ಮೇವನ್ನು ನಿಷೇಧಿಸಿದ ತರುವಾಯ, ಕೆಲವು ವರ್ಷಗಳಲ್ಲಿ ರೋಗವು ಇಳಿಮುಖವಾಯಿತು. ರೋಗಿಷ್ಠ ದನದ ಮಾಂಸದಿಂದ ಮನುಷ್ಯರಿಗೂ ರೋಗ ತಗುಲಿರಬಹುದೆಂಬ ಸಂಗತಿಯು 1996ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ 178 ಮಂದಿ ಇದರಿಂದ ಮೃತರಾದರು.

ಈ ರೋಗಕ್ಕೆ ಕಾರಣ ಕ್ರಿಮಿಯೂ ಅಲ್ಲ, ವೈರಾಣುವೂ ಅಲ್ಲ. ದೇಹದಲ್ಲಿ ಸಹಜವಾಗಿರುವ ಒಂದು ಪ್ರೋಟೀನು ತನ್ನ ಆಕಾರವನ್ನು ಕೆಡಿಸಿಕೊಂಡು, ನೆರೆಯ ಪ್ರೋಟೀನುಗಳನ್ನೂ ಹಾಗೆಯೇ ಕೆಡಿಸುತ್ತ ಹೋಗುತ್ತದೆ. ಕೆಟ್ಟ ಹೆಪ್ಪು ಹಾಲನ್ನೆಲ್ಲ ಕೆಡಿಸಿದಂತೆ ಎಂದು ತಿಳಿಯಿರಿ. ಅಮೆರಿಕೆಯ ಸ್ಟ್ಯಾನ್ಲಿ ಪ್ರೂಸಿನರ್ ಎಂಬ ವಿಜ್ಞಾನಿಯು 1982ರಲ್ಲಿ ಇದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟನು. 1997ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಪ್ರಿಯಾನು ಸಾಮಾನ್ಯ ಕುದಿಸುವಿಕೆಯಿಂದ ನಾಶವಾಗದು. ಇದಕ್ಕೆ ಲಸಿಕೆಯಿಲ್ಲ, ಔಷಧಿಯೂ ಇಲ್ಲ.

ಒಂದೇ ಬಗೆಯ ಈ ರೋಗವು ಬೇರೆ ಬೇರೆ ಪ್ರಾಣಿಗಳಲ್ಲಿ ಬೇರೆ ಬೇರೆ ರೂಪ ತಾಳುತ್ತದೆ. ಕುರಿ ಮೇಕೆಗಳಲ್ಲಿ ಇದು ‘ಸ್ಕ್ರೇಪಿ’. ಕುರಿಯು ತುರಿಕೆಯಿಂದ ಕಂಬಕ್ಕೆ ಮೈ ಉಜ್ಜಿ ಉಣ್ಣೆಯನ್ನು ಕಳೆದುಕೊಳ್ಳುತ್ತದೆ, ತರುವಾಯ ತೂರಾಡುತ್ತದೆ. ಯುರೋಪಿನಲ್ಲಿ ಇದನ್ನು ಸುಮಾರು 300 ವರ್ಷಗಳಿಂದ ಬಲ್ಲರು. ನಮ್ಮ ದೇಶದಲ್ಲಿಯೂ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಇದು ಕಂಡುದಾಗಿ 1961ರಲ್ಲಿ ವರದಿಯಾಯಿತು. ಇದು ಮನುಷ್ಯರಿಗೆ ತಗುಲಿದ ನಿದರ್ಶನವಿಲ್ಲ. ಅಮೆರಿಕೆಯ ಜಿಂಕೆಗಳ ಪ್ರಿಯಾನ್ ರೋಗವು ಜೊಲ್ಲು, ಮೂತ್ರ, ಸಗಣಿಗಳಿಂದ ಮಣ್ಣಿಗಿಳಿದು ಬಹುಕಾಲ ಉಳಿಯುತ್ತದೆ. ದನದ ರೋಗವಾದರೋ ಒಂದು ದನವು ಇನ್ನೊಂದರ ಪಕ್ಕದಲ್ಲಿ ನಿಂತ ಮಾತ್ರಕ್ಕೆ ಹರಡದು. ಅದು ಮೇವಿನಿಂದಲೇ ಬಂದಿತು. ಬ್ರಿಟನ್ನಿನ ಬೆಕ್ಕುಗಳಿಗೂ ಅದು ತಗುಲಿತು. ಆದರೆ ನಾಯಿಗಳಲ್ಲಿ ಸಹಜವಾಗಿ ಕಾಣಿಸಿಕೊಂಡಿಲ್ಲ. ಮನುಷ್ಯರಲ್ಲಿ, ಪಶುವಿನ ಸಂಬಂಧವಿಲ್ಲದೆ ತಾನಾಗಿಯೇ ಹುಟ್ಟುವ ಬಗೆಯೊಂದು ವರ್ಷಕ್ಕೆ ಸುಮಾರು ಹತ್ತು ಲಕ್ಷಕ್ಕೆ ಒಬ್ಬರಲ್ಲಿ ಕಾಣುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅಂತಹ ರೋಗಿಗಳನ್ನು ಕುರಿತು ಅಧ್ಯಯನ ನಡೆಸಿದ್ದಾರೆ.

ಹಾಗಾದರೆ ನಮ್ಮ ಊರಿನ ದನಗಳಿಗೆ ಈ ಭಯವುಂಟೇ? ಭಾರತದಲ್ಲಿ ಹುಚ್ಚು ಆಕಳಿನ ರೋಗವು ವರದಿಯಾಗಿಲ್ಲ. ಪ್ರಾಣಿಗಳ ಆರೋಗ್ಯವನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆಯು 2010ರಲ್ಲಿ ನಮ್ಮ ದೇಶವನ್ನು ಈ ಅಪಾಯವು ನಗಣ್ಯವಾದ ದೇಶಗಳ ಸಾಲಿಗೆ ಸೇರಿಸಿತು. ಜೋಳದ ಕಣಿಕೆ, ಶೇಂಗಾ ಹಿಂಡಿ, ಹತ್ತಿಕಾಳು ತಿಂದು ಬೆಳೆಯುವ ನಮ್ಮ ಎಮ್ಮೆಗೆ ಆ ದಾರಿಯಿಂದ ರೋಗ ಬರಲಾರದು. ಈ ಪದ್ಧತಿಯನ್ನೇ ಕಾಪಾಡಿಕೊಳ್ಳಿರಿ.

ಆದರೆ ಇಲ್ಲಿಯೇ ಒಂದು ಮೋಸವಿದೆ. ‘ಹುಚ್ಚು ದನದ ರೋಗ ಪರದೇಶದ್ದು, ನಮಗೇಕೆ’ ಎಂದು ಸುಮ್ಮನಿರುವ ಮನೆಗೆ, ನಮ್ಮದೇ ನೆಲದ ಇನ್ನೊಂದು ಹುಚ್ಚು ರೋಗವು ಬಾಗಿಲಲ್ಲಿ ನಿಂತಿರುತ್ತದೆ. ಅದುವೇ ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಹುಚ್ಚುನಾಯಿಯು ದನವನ್ನು ಕಚ್ಚಿದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ದನಕ್ಕೂ ರೋಗವು ಬರುತ್ತದೆ. ದನವು ಮೇವು ಬಿಡುತ್ತದೆ, ಕರ್ಕಶವಾಗಿ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ಹಿಂಗಾಲು ಸೋಲುತ್ತದೆ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಪ್ರಿಯಾನ್ ರೋಗವು ವರ್ಷಗಟ್ಟಲೆ ಅಡಗಿದ್ದು, ವಾರ ತಿಂಗಳುಗಳಲ್ಲಿ ನಿಧಾನವಾಗಿ ಕೊಲ್ಲುತ್ತದೆ. ರೇಬೀಸ್ ದಿನಗಳಲ್ಲಿ ಮುಗಿಸುತ್ತದೆ. ಪ್ರಿಯಾನು ಜಿಗಿದು ಬರುವುದಿಲ್ಲ. ರೇಬೀಸ್ ಜೊಲ್ಲಿನಲ್ಲಿಯೇ ಇದೆ. ಪ್ರಿಯಾನ್ ರೋಗಕ್ಕೆ ಲಸಿಕೆಯಿಲ್ಲ; ರೇಬೀಸಿಗೆ ಇದೆ. ನಮ್ಮ ಭಾಗ್ಯವೂ ಹೊಣೆಯೂ ಈ ಕೊನೆಯ ಮಾತಿನಲ್ಲಿವೆ.

ಅಮ್ಮಂದಿರೇ, ಅಣ್ಣಂದಿರೇ, ಇದನ್ನು ಮನಸ್ಸಿನಲ್ಲಿಡಿರಿ. ಜೊಲ್ಲು ಸುರಿಸುವ ದನವನ್ನು ಕಂಡೊಡನೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕುವುದು ನಮ್ಮ ರೂಢಿ. ಆ ಕೈಯಲ್ಲಿ ಕಳೆ ತೆಗೆದ ಗೀರು, ಕುಡುಗೋಲಿನ ಗಾಯ ಇದ್ದೇ ಇರುತ್ತದೆ. ರೋಗವು ದೇಹವನ್ನು ಸೇರಲು ಅಷ್ಟು ಸಾಕು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನು ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದುದರಿಂದ:

1. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿರಿ. ಅದನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರವಿಟ್ಟು, ಪಶುವೈದ್ಯರನ್ನು ಕರೆಯಿರಿ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು.

2. ಕಚ್ಚಿದ ಗಾಯವನ್ನೂ ಜೊಲ್ಲು ತಾಗಿದ ಗಾಯವನ್ನೂ ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿರಿ. ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಿ, ವೈದ್ಯರು ಹೇಳಿದಷ್ಟೂ ಸಲ ಹಾಕಿಸಿಕೊಳ್ಳಿರಿ.

3. ಬಸಿರಿಯೂ ಬಾಣಂತಿಯೂ ಈ ಲಸಿಕೆಗೆ ಅಂಜಬೇಕಾಗಿಲ್ಲ. ಹೊಟ್ಟೆಯಲ್ಲಿರುವ ಕೂಸಿಗಾಗಲಿ ಹಾಲು ಕುಡಿಯುವ ಕೂಸಿಗಾಗಲಿ ಇದರಿಂದ ಬಾಧೆಯಿಲ್ಲ. ‘ಹೆರಿಗೆಯಾಗಲಿ, ನೋಡೋಣ’ ಎಂದು ಕಾಯುವುದು ಇಬ್ಬರ ಪ್ರಾಣಕ್ಕೂ ಅಪಾಯ.

4. ಸಂಶಯವಿರುವ ದನದ ಹಾಲನ್ನು ಕುಡಿಯಬೇಡಿರಿ, ಮಾರಬೇಡಿರಿ. ಹಸಿ ಹಾಲನ್ನು ಈಗಾಗಲೇ ಕುಡಿದವರು ವೈದ್ಯರಿಗೆ ತಿಳಿಸಿರಿ.

5. ಸತ್ತ ದನದ ಚರ್ಮ ಸುಲಿಯಬೇಡಿರಿ, ತಲೆಯನ್ನು ಕಡಿಯಬೇಡಿರಿ. ವೈದ್ಯರ ಸಲಹೆಯಂತೆ ಆಳವಾಗಿ ಹೂಳಿರಿ.

6. ಸಾಕಿದ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿರಿ. ನಾಯಿ ಕಚ್ಚಿದ ದನಕ್ಕೂ ಲಸಿಕೆಯುಂಟು, ಅಂದೇ ಕೇಳಿರಿ.

ಎಮ್ಮೆಯೊಂದು ಸತ್ತರೆ ನಷ್ಟವು ದೊಡ್ಡದು, ನಿಜ. ಆದರೆ ಕಷ್ಟಪಟ್ಟು ಇನ್ನೊಂದನ್ನು ಕಟ್ಟಬಹುದು. ಅದಕ್ಕೆ ಗಂಜಿ ಕುಡಿಸಲು ಹೋದ ತಾಯಿಯನ್ನು ಮರಳಿ ತರಲಾಗದು. ಇಂದು ರಾತ್ರಿ ಗೋದಲಿಗೆ ಮೇವು ಹಾಕುವಾಗ ಗಂಡಹೆಂಡಿರಿಬ್ಬರೂ ಈ ಮಾತುಗಳನ್ನು ಒಮ್ಮೆ ಮೆಲುಕು ಹಾಕಿರಿ, ನೆರೆಮನೆಯವರಿಗೂ ತಿಳಿಸಿರಿ.