ಪಾನವ್ಯಸನಿಯ ಶುಶ್ರೂಷೆಯೂ ಭಕ್ತರ ಕರ್ತವ್ಯವೂ



ಮದ್ಯಪಾನವು ಅನರ್ಥಗಳಿಗೆ ಮೂಲವೆಂಬುದನ್ನು ಮಠದ ಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕುಡಿಯುವವನು ಪೂರ್ಣವಾಗಿ ಬಿಡುವುದೇ ಗುರಿ; ಇದರಲ್ಲಿ ಎರಡು ಮಾತಿಲ್ಲ. ಮದ್ಯಕ್ಕೆ ನಿರಪಾಯವಾದ ಅಳತೆಯೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಾರಿತು. ಆದರೆ ಇಂದೇ ಬಿಡಲಾರದವನ ಗತಿಯೇನು? ಬಿಡುವ ದಿನವು ಬರುವವರೆಗೆ ಅವನು ಬದುಕಿರಬೇಕಲ್ಲವೆ? ಈ ವಿಚಾರವೇ ಇಂದಿನ ಭಾಷಣದ ವಿಷಯವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆಯನ್ನೇ ನೆಚ್ಚಿದ ಸೀಮೆ. ರಾಗಿ, ಕಡಲೆಕಾಯಿಗಳು ಕೈಕೊಟ್ಟ ವರ್ಷ ದಿನಗೂಲಿಯೇ ಬಡವನ ಆಧಾರವು. ಆ ಕೂಲಿಯು ಸಂಜೆಗೆ ಅಂಗಡಿಯ ಪಾಲಾದರೆ ಮಕ್ಕಳಿಗೆ ಮುದ್ದೆಯಿಲ್ಲ. ಈ ದುಃಖವನ್ನು ಕಂಡೇ ರಾಜ್ಯದಲ್ಲಿ ೨೦೦೭ನೆಯ ಇಸವಿ ಜುಲೈ ೧ರಿಂದ ಸಾರಾಯಿಯು ನಿಷಿದ್ಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತ, ಕೋಲಾರದ ಕಡೆ ಮತ್ತು ತಮಿಳುನಾಡಿನ ಕೃಷ್ಣಗಿರಿ ಸೀಮೆಯಲ್ಲಿ ವಿಷಮದ್ಯವನ್ನು ಕುಡಿದು ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಅಂಗಡಿಗೆ ಬೀಗ ಬಿದ್ದೊಡನೆ ಚಟಕ್ಕೂ ಬೀಗ ಬೀಳುವುದಿಲ್ಲವೆಂಬುದು ಇದರಿಂದ ತಿಳಿಯಬೇಕಾದ ಪಾಠವು. ಈಗಿನ ‘ಕ್ವಾರ್ಟರ್’ ಎಂಬುದನ್ನೇ ನೋಡಿರಿ. ನೂರಕ್ಕೆ ೪೨.೮ರ ಪ್ರಮಾಣದ ಮದ್ಯಸಾರವುಳ್ಳ ೧೮೦ ಮಿಲಿಲೀಟರಿನ ಆ ಸೀಸೆಯಲ್ಲಿ ಸುಮಾರು ೬೦ ಗ್ರಾಂ ಮದ್ಯಸಾರವಿರುವುದು. ೧೦ ಗ್ರಾಮನ್ನು ಒಂದು ಅಳತೆಯೆಂದು ಎಣಿಸಿದರೆ, ಒಂದೇ ಸೀಸೆಯಲ್ಲಿ ಆರು ಅಳತೆಗಳಾದವು.

ಗದ್ದುಗೆಯ ಮುಂದೆ ಆಣೆಮಾಡಿ ಕುಡಿತವನ್ನು ಒಮ್ಮೆಗೇ ಬಿಡುವ ವಾಡಿಕೆ ಊರೂರಲ್ಲಿ ಉಂಟು. ಸಂಕಲ್ಪವು ಸ್ತುತ್ಯವಾದುದು. ಆದರೆ ಬೆಳಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈನಡುಗುವಷ್ಟು ವ್ಯಸನ ಬಲಿತವನು ಥಟ್ಟನೆ ಬಿಟ್ಟರೆ, ಎರಡು ದಿನಗಳೊಳಗೆ ಸೆಳವು ಬರಬಹುದು, ಎರಡರಿಂದ ನಾಲ್ಕನೆಯ ದಿನದಲ್ಲಿ ಸನ್ನಿ ಹಿಡಿದು ಇಲ್ಲದುದನ್ನು ಕಂಡು ಕೂಗಾಡಬಹುದು, ಪ್ರಾಣವೇ ಹೋಗಬಹುದು. ಇದನ್ನು ಗಾಳಿ ಸೋಕಿತೆಂದು ತಿಳಿದು ತಾಯಿತ ಕಟ್ಟಿಸುತ್ತ ಕುಳಿತರೆ ಕಾಲ ಮಿಂಚುವುದು. ಆದುದರಿಂದ ಅಂಥವನು ಮೊದಲು ವೈದ್ಯರನ್ನು ಕಾಣತಕ್ಕದ್ದು, ಆಮೇಲೆ ಆಣೆಮಾಡತಕ್ಕದ್ದು. ವೈದ್ಯರು ಕೆಲವು ದಿನ ಔಷಧವನ್ನು ಕೊಟ್ಟು, ಕ್ರಮವಾಗಿ ಇಳಿಸಿ, ಬಿ೧ ಎಂಬ ಜೀವಸತ್ವದಿಂದ ಮಿದುಳನ್ನು ಕಾಪಾಡುವರು.

ಇನ್ನೊಂದು ಅಪಾಯವನ್ನು ತಾಯಂದಿರು ಲಕ್ಷ್ಯವಿಟ್ಟು ಕೇಳಬೇಕು. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಲು ಕೆಲವರು ಗುಳಿಗೆಯನ್ನು ಮಾರುತ್ತಾರೆ. ಅದು ಡೈಸಲ್ಫಿರಾಂ ಆಗಿದ್ದರೆ, ಅರಿಯದೆ ಮೇಲೆ ಕುಡಿದವನಿಗೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಮರಣವೂ ಸಂಭವಿಸಬಹುದು. ರೋಗಿಯು ಒಪ್ಪಿ, ವೈದ್ಯರು ಪರೀಕ್ಷಿಸಿದಲ್ಲದೆ ಆ ಔಷಧವನ್ನು ಕೊಡಲಾಗದು.

ಹಾಗಾದರೆ ಬಿಡಲು ಇನ್ನೂ ಮನಸ್ಸು ಕೂಡದವನಿಗೆ ಮಾಡಬೇಕಾದುದೇನು? ಹಾನಿಯನ್ನು ತಗ್ಗಿಸುವುದು. ಬರಿಹೊಟ್ಟೆಯಲ್ಲಿ ಕುಡಿಯದಂತೆ ಮೊದಲು ಉಣಬಡಿಸುವುದು. ಕಳ್ಳಭಟ್ಟಿಯನ್ನು ಮುಟ್ಟದಂತೆ ತಡೆಯುವುದು. ಕುಡಿದ ದಿನ ಮೋಟಾರು ಸೈಕಲ್ಲಿನ ಬೀಗದಕೈಯನ್ನು ತೆಗೆದಿಡುವುದು. ಕೂಲಿಯ ಹಣವು ಮೊದಲು ಮನೆಯೊಡತಿಯ ಕೈಸೇರುವಂತೆ ಒಪ್ಪಿಸುವುದು. ವೈದ್ಯರ ಸಲಹೆಯಂತೆ ವಾರವಾರಕ್ಕೆ ಅಳತೆಯನ್ನು ಇಳಿಸುವುದು. ಕುಡಿತದ ಹಂಬಲವನ್ನು ಕುಗ್ಗಿಸುವ ನಾಲ್ಟ್ರೆಕ್ಸೋನ್ ಎಂಬ ಔಷಧವೂ ಉಂಟು. ಯಕೃತ್ತನ್ನು ಪರೀಕ್ಷಿಸಿ, ಇನ್ನೂ ಪೂರ್ಣ ಬಿಡದವನಿಗೂ ವೈದ್ಯರು ಅದನ್ನು ಕೊಡಬಲ್ಲರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲಿಯೇ ಸಲಹೆ ಕೊಡುವರು.

ಇದು ಕುಡಿತಕ್ಕೆ ಅನುಮತಿಯಾಯಿತಲ್ಲವೆ ಎಂದು ಕೆಲವರು ಶಂಕಿಸಬಹುದು. ಹಾಗಲ್ಲ. ಬಾವಿಗೆ ಬಿದ್ದವನು ಮೇಲೇರುವ ತನಕ ಹಗ್ಗವನ್ನು ಹಿಡಿದು ನಿಲ್ಲುವುದು ಬೀಳುವುದಕ್ಕೆ ಅನುಮತಿಯೆ? ಹಾಗೆಂದು ಮಡದಿಮಕ್ಕಳು ಏಟು ತಿಂದು ಸಹಿಸಬೇಕೆಂದೂ ಇದರ ಅರ್ಥವಲ್ಲ. ಅವರ ರಕ್ಷಣೆಯೇ ಮೊದಲ ಹಾನಿನಿವಾರಣೆಯು. ಅದಕ್ಕೆ ನೆರೆಹೊರೆಯವರೂ, ೧೮೧ ಎಂಬ ಮಹಿಳಾ ಸಹಾಯವಾಣಿಯೂ ಒದಗಬೇಕು.

ಹೆಂಡ ಮಾರುವ ವೃತ್ತಿಯ ಹೆಂಡದ ಮಾರಯ್ಯನನ್ನು ಹನ್ನೆರಡನೆಯ ಶತಮಾನದ ಶರಣಸಮೂಹವು ಹೊರಗೆ ನಿಲ್ಲಿಸಲಿಲ್ಲ. ಅವನ ವಚನಗಳು ಇಂದಿಗೂ ಉಳಿದಿವೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಣಿಕೆಯನ್ನು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ ೧ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಅವರು ವ್ಯಸನಿಯು ಬರಲೆಂದು ಕಾದು ಕೂರಲಿಲ್ಲ. ತಾವೇ ಅವನ ಬಾಗಿಲಿಗೆ ಹೋದರು ಎಂಬುದನ್ನು ಮರೆಯಲಾಗದು.

ಆಣೆ ತಪ್ಪಿದವನು ನಾಚಿಕೆಯಿಂದ ಮಠದ ಹಾದಿಯನ್ನೇ ಬಿಡುವನು. ಬಿಟ್ಟವನು ಮೊದಲಿಗಿಂತ ಹೆಚ್ಚು ಕುಡಿಯುವನು. ಜಾರಿದುದು ರೋಗದ ಲಕ್ಷಣವೆಂದು ತಿಳಿದು, “ಬಾರಪ್ಪ, ಪ್ರಸಾದ ಮಾಡು, ನಾಳೆ ಆಸ್ಪತ್ರೆಗೆ ಹೋಗೋಣ” ಎನ್ನುವ ಒಬ್ಬ ಭಕ್ತನು ಊರಿಗೊಬ್ಬನಂತೆ ಸಿದ್ಧನಾದರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ದೀಪವು ಆರದೆ ಉಳಿಯುವುದು. ಉತ್ಸವಕ್ಕೆ ನೆರೆದ ಭಕ್ತರು ಈ ಸೇವೆಯನ್ನು ಕೈಕೊಳ್ಳಲಿ.