ಕೇಳುವವರ ಮಿತಿ

 

ಈ ವಿಚಾರ ಸಂಕಿರಣದಲ್ಲಿ ನನ್ನದು ಆಶಯ ನುಡಿ. ಆನ್‌ಲೈನ್ ಕರೆಗಳಲ್ಲಿ ಜಾಲದ ದಟ್ಟಣೆ ನಿಯಂತ್ರಣದ ಬಗ್ಗೆ ಎರಡನೇ ಗೋಷ್ಠಿಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಧ್ವನಿ, ಚಿತ್ರಗಳನ್ನು ಕುಗ್ಗಿಸುವ ಕೋಡೆಕ್ ವಿಷಯಕ್ಕೆ ಮುಂದಿನ ಸಾಲಿನಲ್ಲಿ ಕೂತಿರುವ ಮೇಡಂ ಇದ್ದಾರೆ. ನಾನು ಬಹಳ ವರ್ಷಗಳಿಂದ ಹಿಡಿದುಕೊಂಡು ಬಂದ ಒಂದೇ ಮಾತು ಹೇಳುತ್ತೇನೆ: ಸೆಕೆಂಡಿಗೆ ಎಷ್ಟು ಬಿಟ್ ಹರಿಯಬಹುದೆಂಬ ಬಿಟ್‌ರೇಟ್ ಮಿತಿಯನ್ನು ನಾವು ಕಳಿಸುವವರ ಕೈಗೆ ಕೊಟ್ಟೆವು, ಕೇಳುವವರನ್ನು ಮರೆತೆವು.

2020ರ ಮಳೆಗಾಲದಲ್ಲಿ ನನ್ನ ತರಗತಿಯ ಮಲೆನಾಡಿನ ಹುಡುಗಿಯೊಬ್ಬಳು ಸಿಗ್ನಲ್‌ಗಾಗಿ ಮನೆ ಹಿಂದಿನ ಗುಡ್ಡ ಹತ್ತಿ, ಕೊಡೆಯಡಿ ಫೋನ್ ಹಿಡಿದು ಕೂರುತ್ತಿದ್ದಳು. ಒಂದು ದಿನ ಚಾಟ್‌ನಲ್ಲಿ ಬರೆದಳು: "ಸರ್, ನಿಮ್ಮ ಮುಖ ಕಾಣ್ತಿದೆ, ಮಾತು ಕಡಿದು ಕಡಿದು ಬರ್ತಿದೆ." ನಾನು ಕ್ಯಾಮೆರಾ ಆಫ್ ಮಾಡಿದೆ. "ಈಗ ಕೇಳಿಸ್ತಿದೆ ಸರ್." ಅಷ್ಟು ದಿನ ನನ್ನ ಮುಖ ಅವಳ ಪಾಠವನ್ನು ತಿಂದುಹಾಕಿತ್ತು.

ಮಾತಿಗೆ ಬೇಕಾದದ್ದು ಎಷ್ಟು ಕಡಿಮೆ! ಧ್ವನಿಗೆ ಬಳಸುವ ಓಪಸ್ ಕೋಡೆಕ್ ಸೆಕೆಂಡಿಗೆ 6 ಕಿಲೋಬಿಟ್‌ನಲ್ಲೂ ನಡೆಯುತ್ತದೆ, 510ರ ತನಕವೂ ಹೋಗುತ್ತದೆ. 24 ಕೊಟ್ಟರೆ ಪಾಠ ಸ್ಪಷ್ಟ. ಆದರೆ ಮಾತು ಹೋಗುವುದು ಸಣ್ಣ ಪ್ಯಾಕೆಟ್‌ಗಳಲ್ಲಿ: 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿಯೊಂದಕ್ಕೂ ಐಪಿವಿ4, ಯುಡಿಪಿ, ಆರ್‌ಟಿಪಿ ಹೆಡರ್ ಸೇರಿ 40 ಬೈಟ್. ಹೆಡರ್‌ಗೇ 16 ಕಿಲೋಬಿಟ್ ಹೋಯಿತು! 60 ಮಿಲಿಸೆಕೆಂಡಿನ ಪ್ಯಾಕೆಟ್ ಮಾಡಿದರೆ ಅದು 5ರ ಆಸುಪಾಸಿಗೆ ಇಳಿಯುತ್ತದೆ. ವಿಳಂಬ ತುಸು ಹೆಚ್ಚುತ್ತದೆ, ಒಂದು ಪ್ಯಾಕೆಟ್ ಕಳೆದರೆ ಹೋಗುವ ಮಾತೂ ಹೆಚ್ಚು. ಗುಡ್ಡದ ಮೇಲಿರುವವಳಿಗೆ ಯಾವುದು ಮೇಲು, ಅವಳನ್ನೇ ಕೇಳಬೇಕು.

ಹಾಗೆ ಕೇಳಲು ಒಂದು ದಾರಿ ಇದೆ. ಕರೆಯ ಆರಂಭದಲ್ಲಿ ಎರಡೂ ಕಡೆ ವಿನಿಮಯವಾಗುವ ಎಸ್‌ಡಿಪಿ ವಿವರಣೆಯಲ್ಲಿ 'ಬಿ' ಎಂಬ ಬ್ಯಾಂಡ್‌ವಿಡ್ತ್ ಸಾಲು ಇದೆಯಲ್ಲ, ಅದು ಪಡೆಯುವವರ ಮಾತು: "ನನಗೆ ಇಷ್ಟೇ ಕಳಿಸಿ." ಆ ಸಾಲಿನಲ್ಲೂ ಗೊಂದಲ ಸಾಕಷ್ಟು. ಅದರಲ್ಲಿ ಎಎಸ್ ಎಂದು ಬರೆದರೆ ಕಿಲೋಬಿಟ್, ಹೆಡರ್ ಸೇರಿ. ಟಿಐಎಎಸ್ ಎಂದು ಬರೆದರೆ ಬಿಟ್, ಐಪಿ–ಯುಡಿಪಿ ಬಿಟ್ಟು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಬರೆದು ಸಾವಿರಪಟ್ಟು ತಪ್ಪಿದ ಕೋಡನ್ನು ನಾನೇ ತಿದ್ದಿದ್ದೇನೆ. ಆಮೇಲೆ ಬ್ರೌಸರಿನಲ್ಲಿ ಕಳಿಸುವ ಬಿಟ್‌ರೇಟಿಗೆ ಮಿತಿ ಹಾಕಲು ಸೆಟ್‌ಪ್ಯಾರಾಮೀಟರ್ಸ್ ಬಂತು, ಅದರೊಳಗೆ ಮ್ಯಾಕ್ಸ್‌ಬಿಟ್‌ರೇಟ್ ಬಂತು, 2021ರ ಜನವರಿಯಲ್ಲಿ ಬ್ರೌಸರ್ ಕರೆಗಳ ವೆಬ್‌ಆರ್‌ಟಿಸಿಯು ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಯಿತು. ಬಳಕೆ ಸುಲಭವಾಯಿತು, ಒಪ್ಪುತ್ತೇನೆ. ಆದರೆ ಮ್ಯಾಕ್ಸ್‌ಬಿಟ್‌ರೇಟ್ ಕಳಿಸುವವರ ಹಿಡಿಕೆ. ಗರಿಷ್ಠಕ್ಕೆ ಜಾಗವಿದೆ, ಮಾತಿಗೆಂದು ಕಾದಿಡಬೇಕಾದ ಕನಿಷ್ಠಕ್ಕೆ ಆ ಮಾನಕದಲ್ಲಿ ಜಾಗವಿಲ್ಲ.

ಹಾಗಾದರೆ "ಮಾತು ಮೊದಲು" ಎಂದು ಬ್ರೌಸರಿನೊಳಗೇ ನಿಯಮ ಮಾಡಿಬಿಡೋಣವೇ? ಹಿಂದೆ ನಾನು ಹೌದೆನ್ನುತ್ತಿದ್ದೆ. ಸನ್ನೆ ಭಾಷೆಯಲ್ಲಿ ಪಾಠ ಕೇಳುವ ವಿದ್ಯಾರ್ಥಿಯೊಬ್ಬ ನನ್ನನ್ನು ತಿದ್ದಿದ. ಅವನಿಗೆ ಚಿತ್ರವೇ ಮಾತು. ಬೆರಳುಗಳ ಚಲನೆ ತಡವರಿಸಿದರೆ ವಾಕ್ಯವೇ ಕೆಡುತ್ತದೆ. ಧ್ವನಿಗೆ ಒಂದು ಬಿಟ್ಟೂ ಬೇಡ. ಗುಡ್ಡದ ಹುಡುಗಿಯೂ ಅವನೂ ಒಂದೇ ತರಗತಿಯಲ್ಲಿದ್ದರೆ ಯಾವುದನ್ನು ಉಳಿಸಬೇಕೆಂದು ಯಾರು, ಯಾವ ಕ್ಷಣದಲ್ಲಿ ತೀರ್ಮಾನಿಸಬೇಕು? ನನ್ನ ಬಳಿ ಉತ್ತರವಿಲ್ಲ. ಸಂಜೆಯ ಚರ್ಚೆಯಲ್ಲಿ ದಯವಿಟ್ಟು ಇದನ್ನು ಎತ್ತಿಕೊಳ್ಳಿ. ನಾನು ಕೊನೆಯವರೆಗೂ ಇರುತ್ತೇನೆ.